ಪೊರಕೆ ಹಿಡಿಯುವ ಶುಕ್ರವಾರ

ನಾನು ಧೈರ್ಯವಂತೆ ಅಲ್ಲ. ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯುವಾಗಲೂ ಕೈ ಬೆವರುತ್ತಿದೆ, ಪೆನ್ನು ಜಾರುತ್ತಿದೆ. ಓದಿದವರು ಆಮೇಲೆ ನನ್ನನ್ನು ಹುಲಿ, ಸಿಂಹ ಅಂತೆಲ್ಲ ಅನ್ನಬಾರದು.

ಊರಿನ ಹೆಸರು ಹೇಳುವುದಿಲ್ಲ. ಶ್ರೀನಿವಾಸಪುರ ತಾಲ್ಲೂಕು, ರಾಯಲ್ಪಾಡಿನಿಂದ ಒಳಗೆ, ಆಂಧ್ರದ ಬೆಟ್ಟ ಕಾಣುವ ಕಡೆ. ಅಷ್ಟು ಸಾಕು. ಹೆಸರು ಹೇಳಿದರೆ ಇದನ್ನು ಬರೆದವಳು ಯಾರು ಅಂತ ಕಂಡುಹಿಡಿಯುವುದು ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ.

ಇಲ್ಲಿ ನನ್ನ ಹೆಸರು ಮುನಿಲಕ್ಷ್ಮಿ ಅಂತಿಟ್ಟುಕೊಳ್ಳಿ, ಉಳಿದವರ ಹೆಸರೂ ನಿಜವಾದುದಲ್ಲ. ಶ್ರೀನಿವಾಸಪುರದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ನಾವು ಕಾಲೋನಿಯವರು. ಕಾಲೋನಿ ಅಂದಮೇಲೆ ಜಾತಿ ಕೇಳಬೇಕಾಗಿಲ್ಲ. ಅಪ್ಪ ಶ್ರೀರಾಮಪ್ಪ ತೀರಿಕೊಂಡು ನಾಲ್ಕು ವರ್ಷ. ಅಮ್ಮ ಶಾಮಲಮ್ಮ. ತಂಗಿ ರಂಜಿತ, ಎಂಟನೇ ಕ್ಲಾಸು.

ನಮ್ಮ ಕಾಲೋನಿಯಲ್ಲಿ ಏಳು ಮನೆ ಚನ್ನರಾಯಪ್ಪನವರ ದೊಡ್ಡ ಮನೆಗೆ ಸೇರಿದ್ದು. ಸೇರಿದ್ದು ಅಂದರೆ ಎಮ್ಮೆ, ಕರು ಸೇರಿದ ಹಾಗೆ. ಮನೆಗೊಬ್ಬ ಹೆಂಗಸು ದಿನಾ ಬೆಳಗಿನ ಜಾವ ಐದಕ್ಕೆ ಹೋಗಬೇಕು. ಕೊಟ್ಟಿಗೆ ಬಾಚಬೇಕು. ಸಗಣಿ ತಲೆ ಮೇಲೆ ಹೊತ್ತು ತಿಪ್ಪೆಗೆ ಹಾಕಬೇಕು. ಅಂಗಳ ಗುಡಿಸಿ ತೊಳೆಯಬೇಕು. ಮಾವಿನ ಕಾಲದಲ್ಲಿ ತೋಪಿನ ಕೊಳೆತ ಹಣ್ಣನ್ನು ಹುಳದ ಸಮೇತ ಕೈಯಲ್ಲಿ ಆರಿಸಬೇಕು. ಆ ಮನೆಯಲ್ಲಿ ಸಾವಾದರೆ ನಮ್ಮ ಗಂಡಸರು ಗುಂಡಿ ತೋಡಬೇಕು. ಕೂಲಿ ಇಲ್ಲ. ನಾವು ಅವರ ಹತ್ತಿರ ಒಂದು ರೂಪಾಯಿ ಸಾಲ ತಂದವರೂ ಅಲ್ಲ. ಇದು ದೇವರ ಮುಂದೆ ಕೊಟ್ಟ ಮಾತಂತೆ.

ಹಿಂದೆ ಯಾವಾಗಲೋ ಪ್ಲೇಗು ಬಂದಾಗ ದೊಡ್ಡ ಮನೆಯವರು ನಮ್ಮ ಹಿರೀಕನಿಗೆ ಗಂಜಿ ಹೊಯ್ದರಂತೆ. ಅವನು ಊರ ದೇವತೆ ಸಪ್ಪಲಮ್ಮನ ಗುಡಿ ಮುಂದೆ ಪೊರಕೆ ಎತ್ತಿ ಕಣ್ಣಿಗೊತ್ತಿಕೊಂಡು, ನನ್ನ ವಂಶ ಇರುವವರೆಗೂ ನಿಮ್ಮ ಅಂಗಳ ಗುಡಿಸುತ್ತೇವೆ ಅಂದನಂತೆ. ಅಂದನೋ ಅನ್ನಿಸಿದರೋ, ನೋಡಿದವರಿಲ್ಲ. ಈಗಲೂ ಒಬ್ಬಳಿಗೆ ಕೈಲಾಗದೆ ಹೋದರೆ, ಒಂದು ಶುಕ್ರವಾರ ನೋಡಿ, ಅದೇ ಮನೆಯ ಇನ್ನೊಬ್ಬಳು ಗುಡಿ ಮುಂದೆ ಹೊಸ ಪೊರಕೆ ಹಿಡಿಯಬೇಕು. ಅಮ್ಮ ಹದಿನಾರನೇ ವಯಸ್ಸಿಗೆ, ಮದುವೆಯಾಗಿ ಬಂದ ವಾರಕ್ಕೇ ಹಿಡಿದಳು.

ಈ ಆಷಾಢದಲ್ಲಿ ಅಮ್ಮ ಆ ಕೊಟ್ಟಿಗೆಯ ಗಂಜಲದಲ್ಲಿ ಜಾರಿಬಿದ್ದಳು. ಸೊಂಟದ ಮೂಳೆ ಮುರಿಯಿತು. ತಲೆ ಮೇಲಿದ್ದ ಸಗಣಿ ಮುಖಕ್ಕೆ ಬಿತ್ತು. ದೊಡ್ಡ ಮನೆಯವರು ಯಾರೂ ಎತ್ತಲಿಲ್ಲ. ಎತ್ತಬೇಕಾದರೆ ಮುಟ್ಟಬೇಕಲ್ಲ. ಸುನಂದತ್ತೆ ಓಡಿಹೋಗಿ ಎತ್ತಿದಳು. ಅವಳು ಅಪ್ಪನ ತಂಗಿ, ನಮ್ಮ ಪಕ್ಕದ ಮನೆ, ಆ ಏಳು ಹೆಂಗಸರಲ್ಲಿ ಒಬ್ಬಳು. ಎರಡು ತಿಂಗಳು ಅಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ. ಈಗ ಕೋಲು ಹಿಡಿದು ಓಡಾಡುತ್ತಾಳೆ, ಬಗ್ಗಲಾರಳು.

ಮೂರನೇ ತಿಂಗಳಿಗೆ ಚನ್ನರಾಯಪ್ಪನವರ ಮಗ ಉಮಾಶಂಕರ್ ಸುದ್ದಿ ತಂದ. ಅವನು ನನ್ನದೇ ಕ್ಲಾಸು. ಕೆಟ್ಟವನೇನಲ್ಲ. ಕೇಳಿದರೆ ನೋಟ್ಸ್ ಕೊಡುತ್ತಾನೆ. ಡೆಸ್ಕಿನ ಮೇಲೆ ಇಡುತ್ತಾನೆ, ಕೈಗೆ ಕೊಡುವುದಿಲ್ಲ, ಅಷ್ಟೇ. ಕಾಲೇಜಿನ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದ.

"ಮುನಿಲಕ್ಷ್ಮಿ, ಶುಕ್ರವಾರ ರಂಜಿತನ್ನ ಗುಡಿ ಹತ್ರ ಕಳಿಸ್ಬೇಕಂತೆ. ನಮ್ಮ ನಾಯನ ಹೇಳಿದ್ರು. ನೀನು ಇವತ್ತೋ ನಾಳೆಯೋ ಮದುವೆಯಾಗಿ ಹೋಗೋಳು, ಅವಳಾದ್ರೆ ಇನ್ನೂ ನಾಲ್ಕೈದು ವರ್ಷ ಇರ್ತಾಳಂತೆ."

"ಅವಳಿಗೆ ಹದಿಮೂರು ಕಣೋ."

"ಬೆಳಗ್ಗೆ ಎರಡು ಗಂಟೆ ಕೆಲಸ ಅಷ್ಟೇ ಅಲ್ವಾ. ಆಮೇಲೆ ಸ್ಕೂಲಿಗೆ ಹೋಗ್ಲಿ. ನಾನೇನ್ ಮಾಡ್ಲಿ, ದೇವರ ಮಾತು."

ಅವತ್ತೇ ಅಸ್ಗರಿ ಮೇಡಂ ಅಮೆರಿಕದ ಅಂತರ್ಯುದ್ಧದ ಪಾಠ ಮುಗಿಸಿದರು. ಮೇಡಂ ನಮಗೆ ಗೆಸ್ಟ್ ಲೆಕ್ಚರರ್, ದಿನಾ ಮುಳಬಾಗಿಲಿನಿಂದ ಬಸ್ಸಿನಲ್ಲಿ ಬರುತ್ತಾರೆ. ದಕ್ಷಿಣದವರು ಯಾಕೆ ಸೋತರು, ಹತ್ತು ಮಾರ್ಕಿನ ಪ್ರಶ್ನೆ ಅಂದರು. ಉತ್ತರದವರಿಗೆ ಕಾರ್ಖಾನೆ ಜಾಸ್ತಿ, ರೈಲು ಜಾಸ್ತಿ, ಜನ ಜಾಸ್ತಿ. ಬರೆದುಕೊಂಡೆವು. ಆಮೇಲೆ ಮೇಡಂ ಪುಸ್ತಕ ಮುಚ್ಚಿದರು.

"ಇದು ಮಾರ್ಕಿಗೆ. ಇನ್ನೊಂದು ಮಾತು ಕೇಳಿ. ದಕ್ಷಿಣದ ಸೈನ್ಯಕ್ಕೆ ಜೋಳ ಬೆಳೀತಿದ್ದೋರು ಯಾರು? ಕಂದಕ ತೋಡ್ತಿದ್ದೋರು ಯಾರು? ಗುಲಾಮರು. ಯುದ್ಧ ನಡೀತಿರುವಾಗ್ಲೇ ಅವರು ಕೆಲಸ ಬಿಟ್ಟು ನಡೆದ್ಬಿಟ್ರು. ಒಬ್ಬರಲ್ಲ, ಇಬ್ಬರಲ್ಲ, ಲಕ್ಷಗಟ್ಟಲೆ. ಯಜಮಾನನ ಕೈಯಲ್ಲಿ ಬಂದೂಕಿತ್ತು, ತಟ್ಟೇಲಿ ರೊಟ್ಟಿ ಇರ್ಲಿಲ್ಲ. ಎರಡು ಕಡೆಯವರೂ ಒಂದೇ ದೇವರಿಗೆ ಪ್ರಾರ್ಥನೆ ಮಾಡ್ತಿದ್ರು, ಗೊತ್ತಾ? ದಕ್ಷಿಣದ ಪಾದ್ರಿ ಪುಸ್ತಕ ತೆಗೆದು, ಗುಲಾಮ ಯಜಮಾನನ ಮಾತು ಕೇಳಬೇಕು ಅನ್ನೋ ಸಾಲು ಓದೋನು. ಉತ್ತರದ ಪಾದ್ರಿ ಅದೇ ಪುಸ್ತಕದಲ್ಲಿ, ದೇವರು ಗುಲಾಮರನ್ನ ಬಿಡಿಸಿಕೊಂಡು ಬಂದ ಕಥೆ ಓದೋನು."

ಉಮಾಶಂಕರ್ ಎದ್ದು ನಿಂತ. "ನಿಮ್ಮ ಧರ್ಮದಲ್ಲೂ ಗುಲಾಮರು ಇದ್ರಲ್ಲ ಮೇಡಂ?"

ಇಂಥ ಪ್ರಶ್ನೆಗೆ ಈ ಕಾಲದಲ್ಲಿ ಯಾರಿಗಾದರೂ ಹೆದರಿಕೆಯಾಗಬೇಕು. ಮೇಡಂಗೂ ಆಯಿತು. ಅವರ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಆದರೂ ಹೇಳಿದರು.

"ಇದ್ರು. ಗುಲಾಮನ್ನ ಬಿಡುಗಡೆ ಮಾಡಿದ್ರೆ ದೊಡ್ಡ ಪುಣ್ಯ ಅಂತ ನಮ್ಮಲ್ಲಿ ಹೇಳಿದೆ. ಅದನ್ನ ಓದಿ ಬಿಟ್ಟವರೂ ಇದ್ರು. ಓದ್ತಾ ಓದ್ತಾನೇ ನೂರಾರು ವರ್ಷ ಇಟ್ಕೊಂಡವರೂ ಇದ್ರು. ನಾನು ಮುಚ್ಚಿಡಲ್ಲ. ಯಾವ ಧರ್ಮ ಆಗ್ಲಿ ಬೇಟಾ, ಕೂತ್ಕೊಂಡು ಓದೋರು ಯಾರು, ನಿಂತ್ಕೊಂಡು ಕೇಳೋರು ಯಾರು, ಅದನ್ನ ನೋಡು."

ನಾನು ಯಾಕೆ ಎದ್ದೆನೋ ಗೊತ್ತಿಲ್ಲ. "ಮೇಡಂ, ಬಿಟ್ಟು ನಡೆದೋರಿಗೆ ಭಯ ಆಗ್ಲಿಲ್ವಾ?"

ಮೇಡಂ ನನ್ನನ್ನೇ ನೋಡಿದರು. "ಆಗಿರುತ್ತೆ. ಹಿಂದೆ ನಾಯಿ ಬಿಡ್ತಿದ್ರು. ಈ ಪುಸ್ತಕದಲ್ಲಿ ಅವರ ಭಯ ಬರೆದಿಲ್ಲ, ಅಷ್ಟೇ."

ಉಮಾಶಂಕರ್ ಹಿಂದಕ್ಕೆ ತಿರುಗಿ ನೋಡಿದ. ಮನೆಗೆ ಹೋಗಿ ಹೇಳುತ್ತಾನೆ ಅನ್ನಿಸಿ ಬೇಗ ಕೂತುಬಿಟ್ಟೆ.

ಬಸ್ಸಿನಲ್ಲಿ ಬರುವಾಗ ನಮ್ಮೂರಿನ ಯುದ್ಧ ನೆನಪಾಯಿತು. ಆಗ ನನಗೆ ಎಂಟು ವರ್ಷ. ಸುನಂದತ್ತೆಯ ಗಂಡ ಕದಿರೇಶ್ ಕೆಜಿಎಫ್‌ನವನು. ಗಣಿಯಲ್ಲಿ ಮುಷ್ಕರ ನೋಡಿದ್ದವನು. ಅವನ ಮಾತು ಕೇಳಿ ಏಳು ಮನೆಯವರೂ ಪೊರಕೆ ಕೆಳಗಿಟ್ಟರು. ಹದಿನೇಳು ದಿನ. ನಲ್ಲಿ ನಿಂತಿತು. ಅಂಗಡಿಯವನು ಉಪ್ಪು ಕೊಡಲಿಲ್ಲ. ಟೊಮೆಟೊ ಕೀಳುವುದಕ್ಕೆ ಯಾರೂ ಕರೆಯಲಿಲ್ಲ. ಅರ್ಜಿ ಕೊಟ್ಟಿದ್ದಕ್ಕೆ ಆಫೀಸರು ಬಂದರು. ದೊಡ್ಡ ಮನೆಯ ಜಗಲಿ ಮೇಲೆ ಕೂತು ಎಳನೀರು ಕುಡಿದರು. ಅಂಗಳದಲ್ಲಿ ನಿಂತಿದ್ದ ಅಮ್ಮನನ್ನು, ಯಾರಾದರೂ ಬಲವಂತ ಮಾಡ್ತಾರೇನಮ್ಮ ಅಂತ ಕೇಳಿದರು. ಚನ್ನರಾಯಪ್ಪ ಅವರ ಪಕ್ಕದಲ್ಲೇ ಕೂತಿದ್ದರು. ಅಮ್ಮ ಇಲ್ಲ ಸ್ವಾಮಿ ಅಂದಳು. ಬರೆದುಕೊಂಡು ಹೋದರು.

ಹನ್ನೊಂದನೇ ದಿನ ನನ್ನ ನಾಲ್ಕು ವರ್ಷದ ತಮ್ಮ ಜ್ವರ ಬಂದು ಸತ್ತ. ಡೆಂಗಿ ಅಂತ ಕೋಲಾರದ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅಮ್ಮನಿಗೆ ಓದು ಬರುವುದಿಲ್ಲ. ಮಾತು ಮುರಿದಿದ್ದಕ್ಕೆ ಸಪ್ಪಲಮ್ಮ ತೊಗೊಂಡಳು ಅಂತ ಪೂಜಾರಿ ಹೇಳಿದ. ಅದು ಅವಳಿಗೆ ಅರ್ಥವಾಯಿತು. ದೊಡ್ಡ ಮನೆಯಿಂದ ಒಂದು ನರಪಿಳ್ಳೆಯೂ ನಮ್ಮ ಬಾಗಿಲಿಗೆ ಬರಲಿಲ್ಲ.

ಆದರೂ ನಮ್ಮವರು ಜಗ್ಗಲಿಲ್ಲ. ಅವರ ಕೊಟ್ಟಿಗೆಯಲ್ಲಿ ಮೊಣಕಾಲುದ್ದ ಸಗಣಿ ನಿಂತಿತ್ತು. ಎಮ್ಮೆಗಳ ಗೊರಸು ಕೊಳೆಯುತ್ತಿತ್ತು. ಗೆಲ್ಲುವುದಕ್ಕೆ ಇನ್ನೆರಡು ದಿನ ಅಂತಿದ್ದ ಕದಿರೇಶ್. ಹದಿನೆಂಟನೇ ದಿನ ಚನ್ನರಾಯಪ್ಪನವರ ತಾಯಿ ತೀರಿಕೊಂಡರು.

ಅಪ್ಪ ಹಾರೆ ಹೆಗಲಿಗೇರಿಸಿದ. ಕದಿರೇಶ್ ಬೀದಿಯಲ್ಲಿ ಅಡ್ಡ ನಿಂತ.

"ಹೋಗ್ಬೇಡ ಭಾವ. ಇವತ್ತು ಹೋದ್ರೆ ಮುಗೀತು."

"ಮುದುಕಿ ಏನ್ ಮಾಡಿದ್ಳೋ? ಹೆಣ ಹಂಗೇ ಬಿಟ್ಟು ಹಟ ಮಾಡೋಕಾಗ್ತದಾ?" ಅಂದ ಅಪ್ಪ. ಅವನು ಮಗನನ್ನು ಮಣ್ಣು ಮಾಡಿ ಏಳು ದಿನ ಆಗಿತ್ತು.

ಏಳು ಗಂಡಸರೂ ಹೋದರು, ಕಡೆಗೆ ಕದಿರೇಶ್ ಕೂಡ. ಗುಂಡಿ ತೋಡಿದರು, ಮುಚ್ಚಿದರು. ಮುಚ್ಚಿದ ಮೇಲೆ ಹೆಣದ ಅಕ್ಕಿ ಕೊಡುವುದು ಪದ್ಧತಿ. ಗುಂಡಿ ತೋಡಿದವನು ಟವಲು ಒಡ್ಡಬೇಕು. ಮನೆಯ ಯಜಮಾನ ಮೊರದಿಂದ ಅಕ್ಕಿ ಸುರಿಯಬೇಕು. ಸತ್ತವರ ಕಡೆಯ ಅನ್ನ ಅದು, ಬೇಡ ಅನ್ನುವ ಹಾಗಿಲ್ಲ. ಟವಲಿಗೆ ಬಿದ್ದರೆ ಆ ಮನೆಯ ಚಾಕರಿ ಮತ್ತೆ ಒಪ್ಪಿಕೊಂಡ ಹಾಗೆ. ಇದು ಏಳು ಜನಕ್ಕೂ ಗೊತ್ತಿತ್ತು. ಚನ್ನರಾಯಪ್ಪನವರಿಗೂ ಗೊತ್ತಿತ್ತು. ಅವರು ಅಳುತ್ತಲೇ ಮೊರ ಎತ್ತಿಕೊಂಡು ಬಂದರು. ಅಪ್ಪ ಮೊದಲು ಟವಲು ಒಡ್ಡಿದ.

ಮರುದಿನ ಬೆಳಗ್ಗೆ ಐದಕ್ಕೆ ಏಳು ಹೆಂಗಸರು ಸಗಣಿ ಬಾಚುವುದಕ್ಕೆ ಹೋದರು. ಆ ವಾರವೇ ಕದಿರೇಶ್ ಮಾಲೂರಿನ ಕಡೆ ಇಟ್ಟಿಗೆ ಸುಡುವುದಕ್ಕೆ ಹೋದ. ಈಗ ವರ್ಷಕ್ಕೊಂದು ಸಲ ಬರುತ್ತಾನೆ.

ನಾವು ಹಸಿವಿಗೆ ಸೋಲಲಿಲ್ಲ. ಜನ ಕಡಿಮೆಯಾಗಿ ಸೋಲಲಿಲ್ಲ. ಒಂದು ಹೆಣದ ಮುಂದೆ ಮರ್ಯಾದೆ ತೋರಿ ಸೋತೆವು. ಇಂಥ ತಪ್ಪು ನಾವೇ ಮಾಡಬೇಕು, ಬೇರೆ ಯಾರೂ ಮಾಡುವುದಿಲ್ಲ. ಇದನ್ನು ನೆನೆದರೆ ಅಪ್ಪನ ಮೇಲೆ ಮೈ ಉರಿಯುತ್ತದೆ. ಉರಿದುಕೊಂಡೆನಲ್ಲಾ ಅಂತ ಆಮೇಲೆ ಅಳು ಬರುತ್ತದೆ.

ಮನೆಗೆ ಬಂದರೆ ಅಮ್ಮನಿಗೆ ಸುದ್ದಿ ಆಗಲೇ ಮುಟ್ಟಿತ್ತು.

"ಹೋಗ್ಲಿ ಬಿಡೇ. ನಾನು ಹೋಗ್ಲಿಲ್ವಾ," ಅಂದಳು.

"ನಿನ್ ಸೊಂಟ ನೋಡ್ಕೊಂಡು ಹೇಳಮ್ಮ."

"ಸೊಂಟ ಹೋದ್ರೆ ಹೋಗ್ಲಿ. ಒಂದು ಮಗು ಕೊಟ್ಟಿದೀನಿ ಅಮ್ಮೋರಿಗೆ. ಇನ್ನೊಂದು ಕೊಡೋಕೆ ನನ್ ಕೈಲಾಗಲ್ಲ." ಡೆಂಗಿ ಅಂದೆ, ಸೊಳ್ಳೆ ಅಂದೆ. ಸೊಳ್ಳೆ ಕಳಿಸಿದವಳು ಯಾರು ಅಂತ ಕೇಳಿದಳು.

ಗುರುವಾರ ನನಗೆ ಒಂದು ಯೋಚನೆ ಬಂತು. ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ರಂಜಿತ ಹೋಗಲಿ. ನಾನು ಬಿ.ಎ. ಮುಗಿಸಿ, ಕೆಲಸ ಹಿಡಿದು, ಆಮೇಲೆ ಅವಳನ್ನು ಬಿಡಿಸಿಕೊಂಡರಾಯಿತು. ಈ ಯೋಚನೆ ಅರ್ಧ ದಿನ ನನ್ನ ತಲೆಯಲ್ಲಿ ಹಾಯಾಗಿ ಕೂತಿತ್ತು. ಎದೆ ಬಡಿತವೂ ಕಡಿಮೆಯಾಗಿತ್ತು. ಸಂಜೆ ರಂಜಿತ ಯೂನಿಫಾರ್ಮ್ ಮಡಚುತ್ತಾ ಕೇಳಿದಳು. "ಅಕ್ಕಾ, ಸಗಣಿ ವಾಸನೆ ಸೋಪು ಹಾಕಿದ್ರೆ ಹೋಗ್ತದಾ? ಇಲ್ಲಾಂದ್ರೆ ಸ್ಕೂಲಲ್ಲಿ ಪಕ್ಕ ಯಾರೂ ಕೂತ್ಕೊಳ್ಳಲ್ಲ."

ಅಮ್ಮನ ತಲೆಯಿಂದ ಆ ವಾಸನೆ ಒಂದು ದಿನವೂ ಹೋಗಿದ್ದಿಲ್ಲ.

ಶುಕ್ರವಾರ ಬೆಳಗ್ಗೆ ಏಳಕ್ಕೆ ಗುಡಿ ಮುಂದೆ ನಿಂತೆವು. ನಾವು ನಿಲ್ಲುವ ಜಾಗ ಬೇವಿನ ಮರದ ಈಚೆಗೆ. ಗುಡಿಯ ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಪೂಜಾರಿ ಹೊಸ ಪೊರಕೆಗೆ ಅರಿಶಿನ ಹಚ್ಚಿ, ಅಂಗಳದ ಅಂಚಿನಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿದ. ಊರಿನವರು ಇಪ್ಪತ್ತು ಜನ ಇದ್ದರು. ಸುನಂದತ್ತೆ ಮತ್ತೆ ಐದು ಹೆಂಗಸರು ಕೆಲಸ ಮುಗಿಸಿ ಹಾಗೇ ಬಂದಿದ್ದರು. ಚನ್ನರಾಯಪ್ಪ ಕೂಗಾಡುವ ಮನುಷ್ಯ ಅಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ರಾಮ್ಮಾ, ರಾ," ಅಂತ ತೆಲುಗಿನಲ್ಲಿ ರಂಜಿತಳನ್ನು ಕರೆದರು, ಮೊಮ್ಮಗಳನ್ನು ಕರೆಯುವ ಹಾಗೆ. "ಭಯಪಡಕು, ಹೆದರ್ಬೇಡ. ಎತ್ಕೊಂಡು ಕಣ್ಣಿಗೊತ್ಕೋ."

ರಂಜಿತ ಒಂದು ಹೆಜ್ಜೆ ಇಟ್ಟಳು. ನಾನು ಅವಳ ಕೈ ಹಿಡಿಯುವುದಕ್ಕೆ ಹೋದೆ, ಸಿಕ್ಕಿದ್ದು ಜಡೆ. ಅದನ್ನೇ ಹಿಡಿದುಕೊಂಡೆ.

"ಅವಳು ಎತ್ತಲ್ಲ," ಅಂದೆ.

ತೊಡೆಯಲ್ಲಿ ಬಿಸಿಯಾಗಿ ಇಳಿಯಿತು. ಹೌದು, ಉಚ್ಚೆ. ಚೂಡಿದಾರ ಕಪ್ಪು ಬಣ್ಣದ್ದು, ಯಾರಿಗೂ ಕಾಣಲಿಲ್ಲ.

"ಏಮ್ಮಾ? ಏನಂದೆ?"

"ಅವಳು ಎತ್ತಲ್ಲ ಸ್ವಾಮಿ. ಅವಳಿಗೆ ಸ್ಕೂಲಿದೆ."

"ಸ್ಕೂಲ್ ಬೇಡ ಅಂದೋರ್ಯಾರಮ್ಮ? ಇದು ನನ್ ಕೆಲ್ಸ ಅಲ್ಲ. ನನಗೆ ಆಳು ಸಿಗಲ್ವಾ? ಅಮ್ಮೋರ್ ಸೇವೆ ಇದು. ನಿಮ್ ವಂಶಕ್ಕೆ ಪುಣ್ಯ."

"ಅಮ್ಮೋರ್ ಸೇವೆ ಆದ್ರೆ ಅಮ್ಮೋರ್ ಗುಡೀನೇ ಗುಡಿಸ್ತೀವಿ. ಒಳಗೆ ಬಿಡಿ."

ಪೂಜಾರಿ ಬಾಗಿಲಿಗೆ ಅಡ್ಡ ಬಂದು ನಿಂತ, ನಾನು ಆಗಲೇ ನುಗ್ಗಿದ ಹಾಗೆ.

"ಗುಡಿ ಗುಡಿಸೋಕೆ ನಮ್ ಕೈ ಆಗಲ್ಲ. ನಿಮ್ ಸಗಣಿ ಬಾಚೋಕೆ ಆಗ್ತದೆ. ಹಂಗಾದ್ರೆ ಮಾತು ತೊಗೊಂಡಿದ್ದು ಅಮ್ಮೋರಾ, ನೀವಾ?"

ಇಷ್ಟು ಹೇಳಿದ ಮೇಲೆ ನನ್ನಲ್ಲಿ ಮಾತು ಮುಗಿಯಿತು. "ನಾಯನಾ, ಕಾಲೇಜಲ್ಲಿ ಆ ಮೇಡಂ..." ಅಂತ ಉಮಾಶಂಕರ್ ಶುರು ಮಾಡಿದ. ಚನ್ನರಾಯಪ್ಪ ಕೈಯೆತ್ತಿ ಅವನನ್ನು ಸುಮ್ಮನಾಗಿಸಿ, ಅಮ್ಮನ ಕಡೆ ತಿರುಗಿದರು.

"ಶಾಮಲಮ್ಮ, ಹುಡುಗ್ರಿಗೆ ತಿಳಿಯಲ್ಲ. ನೀನು ಒಂದು ಮಗು ಕಳ್ಕೊಂಡಿರೋಳು. ನೀನೇ ಹೇಳು."

ಎಷ್ಟು ಮೆತ್ತಗೆ ಹೇಳಿದರು ಅಂದರೆ, ಕೇಳಿದವರು ಕನಿಕರ ಅಂದುಕೊಳ್ಳಬೇಕು. ಅಮ್ಮ ಕೋಲೂರಿಕೊಂಡು ಮುಂದೆ ಹೋದಳು. ಮುಗಿಯಿತು ಅಂದುಕೊಂಡೆ. ರಂಜಿತಳ ಜಡೆ ನನ್ನ ಕೈಯಿಂದ ಬಿಟ್ಟುಹೋಯಿತು.

ಅಮ್ಮ ಪೊರಕೆಯ ಹತ್ತಿರ ನಿಂತಳು. ಬಗ್ಗುವುದಕ್ಕೆ ಆಗುವುದಿಲ್ಲ ಅವಳಿಗೆ. ಗುಡಿಯೊಳಗಿನ ಅಮ್ಮನವರನ್ನು ನೋಡಿದಳು. ಮೊಣಕಾಲಿನ ಹತ್ತಿರ ಸೀರೆ ಹಿಡಿದು, ಮುರಿದ ಕಡೆಯ ಕಾಲನ್ನು ಕೈಯಿಂದಲೇ ಎತ್ತಿ, ಪೊರಕೆಯ ಆಚೆಗೆ ಇಟ್ಟಳು. ಇನ್ನೊಂದು ಕಾಲನ್ನೂ ದಾಟಿಸಿದಳು. ಮನೆಯಲ್ಲಿ ಪೊರಕೆಗೆ ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡುವವಳು ಅವಳು. ಈಗ ಹೊಸ ಪೊರಕೆ ದಾಟಿ ಗುಡಿಯ ಅಂಗಳದಲ್ಲಿ ನಿಂತಿದ್ದಳು. ಯಾರೋ ಅಯ್ಯೋ ಅಂದರು.

"ತಪ್ಪಾಯ್ತು ತಾಯಿ," ಅಂದಳು ಅಮ್ಮ. ಚನ್ನರಾಯಪ್ಪನಿಗಲ್ಲ, ಸಪ್ಪಲಮ್ಮನಿಗೆ. "ಬೇಕಾದ್ರೆ ನನ್ನ ತೊಗೊ. ಮಗೂನ ಇವ್ರ ಕೊಟ್ಟಿಗೇಗೆ ಕಳ್ಸಲ್ಲ."

ಚನ್ನರಾಯಪ್ಪ "ಆಯ್ತು," ಅಂದರು. ಪಂಚೆ ಎತ್ತಿಕೊಂಡು ಹೊರಟುಹೋದರು. ಅಷ್ಟೇ. ಹೊಡೆದಿದ್ದರೆ ಹೊಡೆದರು ಅಂತ ಗೊತ್ತಾಗುತ್ತಿತ್ತು. ಆ 'ಆಯ್ತು' ಏನು ಅಂತ ನನಗೆ ಗೊತ್ತಾಗಲಿಲ್ಲ. ದಾರಿಯಲ್ಲಿ ಅಮ್ಮ ಚರಂಡಿಯ ಹತ್ತಿರ ಕೂತು ವಾಂತಿ ಮಾಡಿದಳು. ಮನೆಗೆ ಬಂದು ದೀಪ ಹಚ್ಚಿ ಗಲ್ಲ ಬಡಿದುಕೊಂಡು ಅತ್ತಳು. ರಂಜಿತಳ ಹಣೆ ಸುಡುತ್ತಿದೆಯಾ ಅಂತ ಗಂಟೆಗೊಂದು ಸಲ ಮುಟ್ಟಿ ನೋಡಿದಳು.

ಶನಿವಾರ ನೀರು ಬರಲಿಲ್ಲ. ನಮ್ಮೊಬ್ಬರಿಗಲ್ಲ, ಏಳು ಮನೆಗೂ ಬರಲಿಲ್ಲ. ನಿಮ್ಮ ಹುಡುಗಿ ಓದಿದ್ದಕ್ಕೆ ನಮ್ಮ ಗಂಟಲು ಒಣಗಬೇಕಾ ಅಂತ ಖಾಲಿ ಕೊಡ ಹಿಡಿದು ಹೆಂಗಸರು ನಮ್ಮ ಬಾಗಿಲ ಮುಂದೆಯೇ ಬೈದುಕೊಂಡು ಹೋದರು. ಚನ್ನರಾಯಪ್ಪನವರು ಬರಬೇಕಾಗಿಯೇ ಇಲ್ಲ. ನಮ್ಮವರನ್ನೇ ನಮ್ಮ ಮೇಲೆ ಬಿಟ್ಟರೆ ಸಾಕು. ಮೇಡಂ ಲಕ್ಷಗಟ್ಟಲೆ ಜನ ಅಂದಿದ್ದು ನನಗೆ ಆಗ ನೆಟ್ಟಗೆ ಅರ್ಥವಾಯಿತು. ನಮ್ಮ ಮನೆಯೊಂದು ಬಿಟ್ಟರೆ ದೊಡ್ಡ ಮನೆಗೆ ಏನೂ ಆಗುವುದಿಲ್ಲ. ಉಳಿದ ಆರು ಹೆಂಗಸರು ಆರು ಪೊರಕೆ ಹಿಡಿದು ಹೋಗುತ್ತಲೇ ಇದ್ದರು. ನಮಗೊಂದು ಗತಿ ಕಾಣಿಸುವುದಕ್ಕೆ ದೊಡ್ಡ ಮನೆಯವರಿಗೆ ಬೇಕಾದಷ್ಟು ಸಮಯ ಇತ್ತು.

ಭಾನುವಾರ ಬೆಳಗ್ಗೆ ಐದೂವರೆಗೆ ಯಾರೋ ಬಾಗಿಲು ಬಡಿದರು. ಅಮ್ಮ ರಂಜಿತಳನ್ನು ಹಿಂದಕ್ಕೆ ಎಳೆದುಕೊಂಡಳು. ನಾನು ಕೈಗೆ ಸಿಕ್ಕಿದ ಒನಕೆ ಹಿಡಿದು ಬಾಗಿಲು ತೆಗೆದೆ. ಸುನಂದತ್ತೆ ನಿಂತಿದ್ದಳು. ಬರಿಗೈಯಲ್ಲಿ.

"ನಾನಿವತ್ತು ಹೋಗ್ಲಿಲ್ಲ ಕಣೇ," ಅಂದಳು. "ಮನೇಲಿ ಒಬ್ಳೇ ಇರೋಕೆ ಭಯ ಆಗ್ತದೆ. ಇಲ್ಲೇ ಕೂತ್ಕೊಳ್ಲಾ?"

ಅಮ್ಮ ಚಾಪೆಯಲ್ಲಿ ಜಾಗ ಬಿಟ್ಟಳು. ನಾಲ್ಕು ಜನ ಗೋಡೆಗೆ ಒರಗಿ ಕೂತೆವು. ಕಾಫಿ ಕಾಯಿಸುವುದಕ್ಕೆ ನೀರಿರಲಿಲ್ಲ.

ಆರು ಗಂಟೆಗೆ ಬೈಕು ಬಂತು. ಪಕ್ಕದ ಮನೆಯ ಮುಂದೆ ನಿಂತಿತು, ಆಮೇಲೆ ನಮ್ಮ ಮನೆಯ ಮುಂದೆ.

"ಸುನಂದಾ! ಏಯ್ ಸುನಂದಾ! ಒಳಗಿದೀಯಾ? ಕೊಟ್ಟಿಗೆ ಹಂಗೇ ಬಿದ್ದಿದೆ, ಬಾ."

ಉಮಾಶಂಕರ್. ಅವನ ತಾಯಿಗಿಂತ ದೊಡ್ಡವಳು ಅವಳು. ಅತ್ತೆ ನನ್ನ ಕೈ ಹಿಡಿದುಕೊಂಡಳು. ಬೆವರಿ ಒದ್ದೆಯಾಗಿದ್ದ ಕೈ, ಬೆರಳು ಮುರಿಯುವ ಹಾಗೆ ಹಿಡಿದಿದ್ದಳು.

"ಬರಲ್ಲ," ಅಂದಳು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಅವನಿಗೆ ಕೇಳ್ಸೋ ಹಂಗೆ ಹೇಳೇ," ಅಂದಳು ಅಮ್ಮ.

ಸುನಂದತ್ತೆ ಎದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಎರಡನೇ ಸಲ ಅವಳು ಹೇಳಿದ್ದು ಬೀದಿಯ ಆ ತುದಿಗೂ ಕೇಳಿಸಿತು.